ಎಲೆ ಅಡಿಕೆ ಇಲ್ಲದೆ ಮೆಲ್ಲುವ ಬಾಯಿ

ಬೆಟಗೇರಿಯ ನಮ್ಮ ಓಣಿಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ಮೂರು ವರ್ಷದ ಹಿಂದೆ ಅಳತೆ ಕೊಡಲು ಬಂದವರೊಬ್ಬರು, "ಅಕ್ಕಾರ, ಎಲಿ ಅಡಿಕಿ ಚಟಾ ಯಾವಾಗಿಂದ್ರೀ? ನಮಗೂ ಒಂದ್ ಎಲಿ ಕೊಡ್ರಲಾ" ಅಂದರು. ನನ್ನ ಬಾಯಲ್ಲಿ ಏನೂ ಇರಲಿಲ್ಲ. ಅವರು ಹೋದ ಮೇಲೆ ಕನ್ನಡಿ ಮುಂದೆ ನಿಂತು ನೋಡಿದೆ, ಏನೂ ಕಾಣಲಿಲ್ಲ. ಮರುದಿನ ನಾನು ಹುಕ್ ಹಚ್ಚುತ್ತ ಕೂತಾಗ ಮಗಳು ಸದ್ದಿಲ್ಲದೆ ಮೊಬೈಲಿನಲ್ಲಿ ವಿಡಿಯೋ ಹಿಡಿದು ತೋರಿಸಿದಳು. ತುಟಿ ಚಪ್ಪರಿಸುತ್ತಿದೆ, ನಾಲಿಗೆ ಕೆನ್ನೆಯನ್ನು ಒಳಗಿನಿಂದ ದೂಡುತ್ತಿದೆ, ದವಡೆ ಅಡ್ಡಡ್ಡ ತಿರುಗುತ್ತಿದೆ. ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕಿದ ಹಾಗೆ. ಅದು ನಾನೇ, ಆದರೆ ನನಗೆ ಗೊತ್ತೇ ಇಲ್ಲ.

ಮೊದಲು ಹಲ್ಲಿನ ಸೆಟ್ ಸಡಿಲಾಗಿದೆ ಎಂದುಕೊಂಡು ಹಲ್ಲಿನ ಡಾಕ್ಟರರ ಹತ್ತಿರ ಹೋದೆ. ಅಲ್ಲಿ ಒಂದು ತಿಂಗಳು ಹೋಯಿತು. ಆಮೇಲೆ ಇನ್ನೊಬ್ಬ ಡಾಕ್ಟರರು ಇದು ನಡುಕದ ರೋಗ ಇರಬೇಕೆಂದು ಟ್ರೈಹೆಕ್ಸಿಫೆನಿಡಿಲ್ ಕೊಟ್ಟರು. ಬಾಯಿ ಒಣಗಿತು, ಹೊಟ್ಟೆ ಕಟ್ಟಿತು, ಮೆಲ್ಲುವುದು ಮಾತ್ರ ಇನ್ನೂ ಹೆಚ್ಚಾಯಿತು. ಕೈನಡುಕಕ್ಕೆ ಒಗ್ಗುವ ಗುಳಿಗೆ ಇಂಥ ಬಾಯಿಗೆ ಒಗ್ಗುವುದಿಲ್ಲ, ಕೆಲವರಲ್ಲಿ ಕೆಡಿಸುತ್ತದೆ ಎಂಬುದು ಆಮೇಲೆ ತಿಳಿದದ್ದು.

ಕೊನೆಗೆ ಬೆಳಗಿನ ರೈಲು ಹತ್ತಿ ಹುಬ್ಬಳ್ಳಿಗೆ, ನರರೋಗ ತಜ್ಞರ ಹತ್ತಿರ. ಅವರು ಬಾಯಿ ನೋಡುವ ಮೊದಲು ನನ್ನ ಕೈಚೀಲ ನೋಡಿದರು. "ಮನ್ಯಾಗ ಏನೇನ್ ಗುಳಿಗಿ ತಗೋತೀರಿ, ಎಲ್ಲಾ ಟೇಬಲ್ ಮ್ಯಾಲ ಸುರೀರಿ" ಅಂದರು. ಬಿ.ಪಿ. ಗುಳಿಗೆ, ಕ್ಯಾಲ್ಸಿಯಂ, ಮೊಣಕಾಲಿನದು, ಗ್ಯಾಸಿನ ಕ್ಯಾಪ್ಸೂಲು. ಅವರ ಬೆರಳು ಗ್ಯಾಸಿನದರ ಮೇಲೆ ನಿಂತಿತು. "ಇದು ಎಷ್ಟ್ ದಿನದಿಂದ?" ನಾಲ್ಕು ವರ್ಷ ಅಂದೆ. ಯಾರೋ ಹದಿನೈದು ದಿನಕ್ಕೆ ಬರೆದುಕೊಟ್ಟ ಚೀಟಿ ಅದು. ಅದನ್ನೇ ತೋರಿಸಿ ತೋರಿಸಿ ಅಂಗಡಿಯಿಂದ ತರುತ್ತಿದ್ದೆ. ಚೀಟಿ ಮಡಿಕೆಯ ಗುಂಟ ಹರಿದಿತ್ತು, ಸೆಲ್ಲೋ ಟೇಪ್ ಹಚ್ಚಿದ್ದೆ. ಬೇರೆಯವರನ್ನು ಬೈಯಬಹುದು, ಆದರೆ ಟೇಪ್ ಹಚ್ಚಿದವಳು ನಾನೇ.

ಆ ಕ್ಯಾಪ್ಸೂಲಿನಲ್ಲಿ ಹೊಟ್ಟೆಯ ಆಮ್ಲ ತಗ್ಗಿಸುವ ರಾಬೆಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್ ಅಂತ ಒಂದು ಇರುತ್ತದೆ. ಜಠರ ಚುರುಕಾಗಲಿ ಎಂದು ಸೇರಿಸಿದ್ದು. ಅದು ಮಿದುಳಿನಲ್ಲೂ ಡೋಪಮೈನ್ ಎಂಬ ರಾಸಾಯನಿಕದ ಬಾಗಿಲು ಮುಚ್ಚುತ್ತದೆ. ವರ್ಷಗಟ್ಟಲೆ ಬಾಗಿಲು ಮುಚ್ಚಿದರೆ ಮಿದುಳು ಆ ರಾಸಾಯನಿಕಕ್ಕೆ ಅತಿಯಾಗಿ ಸ್ಪಂದಿಸಲು ಶುರುಮಾಡುತ್ತದೆಯಂತೆ, ಆಗ ಬಾಯಿ, ನಾಲಿಗೆ, ಕೆಲವರಿಗೆ ಕೈಬೆರಳು ತಾವೇ ಆಡುತ್ತವೆ. ಹೆಸರು ಟಾರ್ಡಿವ್ ಡಿಸ್ಕೈನೇಶಿಯಾ. ಟಾರ್ಡಿವ್ ಅಂದರೆ ತಡವಾಗಿ ಬರುವುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಿಂದಲೂ ಇದು ಬರುತ್ತದೆ. ಹನ್ನೆರಡು ವಾರಕ್ಕಿಂತ ಹೆಚ್ಚು ಅದನ್ನು ಕೊಡಬೇಡಿ ಎಂದು ಅಮೆರಿಕದ ಔಷಧ ಇಲಾಖೆ 2009ರಲ್ಲೇ ಔಷಧಿಯ ಮಾಹಿತಿ ಪತ್ರದಲ್ಲಿ ಚೌಕಟ್ಟು ಕಟ್ಟಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ನಮ್ಮ ಕಡೆ ಗ್ಯಾಸಿನ ಗುಳಿಗೆಯನ್ನು ಗುಳಿಗೆ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕ್ಯಾಪ್ಸೂಲು ಬಿಡಿಸಿದರು. ಮೊದಲ ಎರಡು ವಾರ ಬಾಯಿ ಇನ್ನೂ ಜೋರಾಯಿತು. ಹಾಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಮೂರು ತಿಂಗಳು ಕಾದರೂ ನಿಲ್ಲಲಿಲ್ಲ. ಆಗ ಟೆಟ್ರಾಬೆನಜೀನ್ ಎಂಬ ಗುಳಿಗೆ ಬರೆದರು.

ಬರೆಯುವ ಮುಂಚಿನ ಅರ್ಧ ತಾಸು ನನಗೆ ಇನ್ನೂ ನೆನಪಿದೆ. ಬಾಯಿಂದ ಹಲ್ಲಿನ ಸೆಟ್ ತೆಗೆಸಿದರು. ನಾಲಿಗೆ ಹೊರಗೆ ಹಾಕಿ ಹಿಡಿಯಿರಿ ಅಂದರು. ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ಬೇಗ ಬೇಗ ತಾಗಿಸಲು ಹೇಳಿ, ಆಗ ನನ್ನ ಬೆರಳಿನ ಬದಲು ಬಾಯನ್ನೇ ನೋಡುತ್ತ ಕೂತರು. ಕೈಗೆ ಕೆಲಸ ಕೊಟ್ಟಾಗ ಬಾಯಿ ಹೆಚ್ಚು ಆಡುತ್ತದೆ. ಕನ್ನಡಿಯಲ್ಲಿ ಕಾಣದ್ದು ಹುಕ್ ಹಚ್ಚುವಾಗ ಕಂಡದ್ದು ಅದಕ್ಕೇ. ಒಂದೊಂದು ಭಾಗಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಿದರು. ಇ.ಸಿ.ಜಿ. ಮಾಡಿಸಿದರು, ಯಾಕೆಂದರೆ ಈ ಗುಳಿಗೆ ಹೃದಯದ ಒಂದೊಂದು ಬಡಿತದ ವಿದ್ಯುತ್ತಿನ ಅವಧಿಯನ್ನು ತುಸು ಉದ್ದ ಮಾಡಬಲ್ಲದು. ಲಿವರಿನ ರಕ್ತ ಪರೀಕ್ಷೆಯೂ ಆಯಿತು, ಲಿವರ್ ಕೆಟ್ಟವರಿಗೆ ಇದನ್ನು ಕೊಡುವಂತಿಲ್ಲ. ಕಡೆಗೆ ಮಗಳನ್ನು ಹೊರಗೆ ಕಳಿಸಿ, "ಮನಸಿಗೆ ಭಾಳ ಬ್ಯಾಸರ ಆಗಿ, ಜೀವಾನ ಬ್ಯಾಡ ಅನಿಸಿದ್ದು ಯಾವಾಗರ ಐತೇನ್ರಿ?" ಎಂದು ಕೇಳಿದರು. ಬಾಯಿಯ ರೋಗಕ್ಕೆ ಬಂದವಳಿಗೆ ಇದೇನು ಪ್ರಶ್ನೆ ಅನಿಸಿತು. ಇಲ್ರಿ ಅಂದೆ.

ಟೆಟ್ರಾಬೆನಜೀನ್ ಡೋಪಮೈನಿನ ಬಾಗಿಲು ಮುಚ್ಚುವುದಿಲ್ಲ, ನರತಂತುವಿನ ತುದಿಯಲ್ಲಿ ಅದು ಶೇಖರವಾಗುವುದನ್ನೇ ಕಡಿಮೆ ಮಾಡುತ್ತದೆ. ಅದೇ ದಾರಿಯಲ್ಲಿ ಮನಸ್ಸನ್ನು ಹಸನಾಗಿಡುವ ಸಿರೊಟೋನಿನ್ನೂ ಇಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ 2008ರಲ್ಲಿ ಒಪ್ಪಿಗೆ ಸಿಕ್ಕದ್ದು ಹಂಟಿಂಗ್ಟನ್ ಎಂಬ ಮಿದುಳಿನ ರೋಗದವರ ಕೈಕಾಲು ಕುಣಿತಕ್ಕೆ, ಖಿನ್ನತೆ ಮತ್ತು ಆತ್ಮಹತ್ಯೆಯ ವಿಚಾರ ಬರಬಹುದೆಂಬ ಎಚ್ಚರಿಕೆಯ ಜೊತೆಗೇ. ಇದೇ ವಂಶದ ವ್ಯಾಲ್ಬೆನಜೀನ್, ಡ್ಯೂಟೆಟ್ರಾಬೆನಜೀನ್‌ಗಳಿಗೆ ನನ್ನಂಥ ಬಾಯಿಗೆಂದೇ 2017ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ನನಗೆ ಕೊಟ್ಟದ್ದು ಹಳೆಯದನ್ನೇ.

ಮೊದಲ ವಾರ ಬೆಳಿಗ್ಗೆ 12.5 ಮಿಲಿಗ್ರಾಂ ಒಂದು. ಎರಡನೇ ವಾರ ಬೆಳಿಗ್ಗೆ ಒಂದು, ರಾತ್ರಿ ಒಂದು. ಮೂರನೇ ವಾರ ಮಧ್ಯಾಹ್ನವೂ ಸೇರಿ ದಿನಕ್ಕೆ 37.5. ವಾರಕ್ಕೆ ಒಂದೇ ಮೆಟ್ಟಿಲು, ಹಾರುವಂತಿಲ್ಲ. ಒಮ್ಮೆ ಅಂಗಡಿಯವರು 12.5ರದು ಇಲ್ಲವೆಂದು 25ರ ಸ್ಟ್ರಿಪ್ ಕೊಟ್ಟು "ಅರ್ಧ ಮಾಡ್ಕೋರಿ" ಅಂದರು. ಬ್ಲೇಡಿನಿಂದ ಕತ್ತರಿಸಿದೆ. ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದ ಕೈಗೆ ಒಂದು ಗುಳಿಗೆ ಸರಿಯಾಗಿ ಎರಡು ಹೋಳಾಗಲಿಲ್ಲ, ಒಂದು ದೊಡ್ಡದು, ಒಂದು ಸಣ್ಣದು, ನಡುವೆ ಪುಡಿ. ಆ ಮೇಲೆ ಎರಡು ದಿನ ಕಾದರೂ ಸರಿ, 12.5ರದನ್ನೇ ತರಿಸುತ್ತೇನೆ. ಸ್ಟ್ರಿಪ್ಪಿನ ಮೇಲಿನ ಅಂಕಿಯನ್ನು ಅಂಗಡಿಯ ಕಟ್ಟೆಯ ಮೇಲೇ ಕನ್ನಡಕ ಹಾಕಿಕೊಂಡು ಓದುತ್ತೇನೆ, ಹಿಂದೆ ನಿಂತವರು ಗೊಣಗಿದರೂ.

ಗುಳಿಗೆ ಇಡಲು ನನ್ನ ಹಳೆಯ ಬಾಬಿನ್ ಡಬ್ಬಿ ಇದೆ. ಖಾನೆ ಖಾನೆಯಾಗಿರುವ ಪ್ಲಾಸ್ಟಿಕ್ಕಿನದು. ದಿನಕ್ಕೆ ಮೂರು ಖಾನೆ, ಏಳು ಸಾಲು. ಭಾನುವಾರ ರಾತ್ರಿ ಮಗಳು ಗುಳಿಗೆಯನ್ನು ಸ್ಟ್ರಿಪ್ಪಿನ ಸಮೇತ ಕತ್ತರಿಸಿ ತುಂಬುತ್ತಾಳೆ, ಬಿಚ್ಚಿ ಇಟ್ಟರೆ ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ ಎಂದು. ಖಾನೆ ಖಾಲಿಯಿದ್ದರೆ ತಗೊಂಡಿದ್ದೇನೆ ಎಂದು ಅರ್ಥ. ತಗೊಂಡೆನೋ ಇಲ್ಲವೋ ಎಂಬ ಅನುಮಾನದಲ್ಲಿ ಎರಡನೇ ಸಲ ನುಂಗುವ ಪ್ರಸಂಗ ಇಲ್ಲ.

ಜೊತೆಗೆ ಒಂದು ನೋಟ್‌ಬುಕ್. ಅಳತೆ ಬರೆಯುವ ಉದ್ದನೆಯದು. ಡಾಕ್ಟರರು ಬಾಯಿಯ ಲೆಕ್ಕ ಇಡಿ ಅಂದಿದ್ದರು. ಮಗಳು ದಿನಾ ಸಂಜೆ ನಾನು ಹುಕ್ ಹಚ್ಚುವಾಗ ಒಂದು ನಿಮಿಷ ನೋಡಿ ಎಣಿಸುತ್ತಿದ್ದಳು: 41, 38, 44. ಎರಡನೇ ಕಾಲಂ ನನ್ನ ಸ್ವಂತದ್ದು. ಮೊದಲಿಗೆ ಅದರಲ್ಲಿ ನಿದ್ದೆ ಎಂದಷ್ಟೇ ಬರೆಯುತ್ತಿದ್ದೆ. ಗುಳಿಗೆ ನುಂಗಿದ ಒಂದೆರಡು ತಾಸು ಕಣ್ಣೆವೆ ಭಾರ. ಎರಡನೇ ವಾರ ಮೋಟರ್ ಮಶೀನಿನ ಸೂಜಿ ತೋರುಬೆರಳಿನ ಉಗುರಿನಲ್ಲಿ ಇಳಿದು ಹೊರಬಂತು. ಅಂದಿನಿಂದ ಕತ್ತರಿ ಕೆಲಸ, ಮಶೀನ್ ಕೆಲಸ ಗುಳಿಗೆಗೆ ಮುಂಚೆ ಇಲ್ಲವೇ ಮೂರು ತಾಸು ಬಿಟ್ಟು. ನಡುವೆ ಗುಂಡಿ, ಹುಕ್ಕು, ಅಂಚು. ಸ್ಕೂಟಿ ಹೊಡೆಯುವುದನ್ನಂತೂ ಪೂರ್ತಿ ಬಿಟ್ಟೆ. ಕೂತಲ್ಲಿಂದ ಗಬಕ್ಕನೆ ಎದ್ದರೆ ತಲೆ ತಿರುಗುತ್ತಿತ್ತು, ಈಗ ಮೊದಲು ಕಾಲು ಇಳಿಬಿಟ್ಟು ಒಂದು ಗಳಿಗೆ ಕೂತು ಏಳುತ್ತೇನೆ.

37.5ಕ್ಕೆ ಎಣಿಕೆ ಹದಿನಾಲ್ಕಕ್ಕೆ ಇಳಿಯಿತು. ನನಗೆ ಆಸೆ. ಪೂರ್ತಿ ನಿಂತುಬಿಡಲಿ, ಮಗಳ ನಿಶ್ಚಯದೊಳಗೆ ನಾಲ್ಕು ಜನರ ಮುಂದೆ ನೆಟ್ಟಗೆ ಬಾಯಿ ಮುಚ್ಚಿ ಕೂರಬೇಕು. ಹಟ ಹಿಡಿದು ಕೇಳಿದ ಮೇಲೆ 50ಕ್ಕೆ ಏರಿಸಿದರು. ಎಣಿಕೆ ಮೂರು, ಎರಡು. ಓಣಿಯವರೆಲ್ಲ "ಅಕ್ಕಾರ, ಆರಾಮಾದ್ರಿ" ಅಂದರು. ಆದರೆ ಎರಡನೇ ಕಾಲಂ ಬೇರೆಯದನ್ನೇ ಹೇಳುತ್ತಿತ್ತು. ದಿನಕ್ಕೆ ಮೂರು ಬ್ಲೌಸ್ ಮುಗಿಸುತ್ತಿದ್ದವಳು ಒಂದಕ್ಕೆ ಬಂದೆ. ಸೂಜಿಗೆ ದಾರ ಪೋಣಿಸಲು ಕೈ ಎತ್ತಿದರೆ ಗಾಳಿಯೊಳಗೇ ನಿಲ್ಲುತ್ತಿತ್ತು. ನೀರು ಕುಡಿದರೆ ಗಂಟಲಲ್ಲಿ ಸಿಕ್ಕು ಕೆಮ್ಮು. ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕದೆ ನುಂಗಲು ಆಗುತ್ತಿರಲಿಲ್ಲ. ಮಗಳು ಜೋಕ್ ಹೇಳಿದರೆ ಒಳಗೆ ನಗು ಬರುತ್ತಿತ್ತು, ಮುಖಕ್ಕೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಯಾರದೋ ರೇಷ್ಮೆ ಬ್ಲೌಸಿನ ಪೀಸ್ ತೊಡೆಯ ಮೇಲಿಟ್ಟುಕೊಂಡು ಕಾರಣವೇ ಇಲ್ಲದೆ ಅಳುತ್ತ ಕೂತೆ. ಬಟ್ಟೆ ಒದ್ದೆಯಾಗಿ ಕಲೆಯಾಯಿತು. ಇದ್ದರೆಷ್ಟು, ಹೋದರೆಷ್ಟು ಎಂಬ ಮಾತು ಮನಸ್ಸಿನಲ್ಲಿ ಬಂತು. ಅದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದಿದ್ದೆ. ಬರೆದೆ.

ಮಗಳು ಅದನ್ನು ಓದಿ ಮರುಮಾತಿಲ್ಲದೆ ಡಾಕ್ಟರರಿಗೆ ಫೋನ್ ಹಚ್ಚಿದಳು. ಅಂದೇ 37.5ಕ್ಕೆ ಇಳಿಸಿದರು, ಮನಸ್ಸಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಕಳಿಸಿದರು. ಅಲ್ಲಿಗೆ ಹೋಗುವವರೆಗೆ ರಾತ್ರಿ ಹೆಚ್ಚುಕಡಿಮೆಯಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮಗಳು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಳು. ಹತ್ತು ದಿನದಲ್ಲಿ ಮೋಡ ಸರಿಯಿತು. ಅದು ನನ್ನ ಬೇಸರವಾಗಿರಲಿಲ್ಲ, ಗುಳಿಗೆಯ ಬೇಸರವಾಗಿತ್ತು. ಒಳಗಿದ್ದಾಗ ಮಾತ್ರ ಎರಡಕ್ಕೂ ಫರಕು ತಿಳಿಯುವುದಿಲ್ಲ.

ನಡುವೆ ಒಂದು ಅನಾಹುತ ತಪ್ಪಿತು. ಆ ಅಳುವಿನ ದಿನಗಳಲ್ಲೇ ಮನೆಯ ಹತ್ತಿರದ ಡಾಕ್ಟರರು ಒಬ್ಬರು ಪ್ಯಾರಾಕ್ಸೆಟೀನ್ ಬರೆದುಕೊಟ್ಟಿದ್ದರು. ಖಿನ್ನತೆಯ ಒಳ್ಳೆಯ ಔಷಧಿಯೇ, ಫ್ಲುಯೊಕ್ಸೆಟೀನ್ ಕೂಡ ಹಾಗೆಯೇ. ಆದರೆ ಇವೆರಡೂ ಲಿವರಿನಲ್ಲಿ ಟೆಟ್ರಾಬೆನಜೀನನ್ನು ಕರಗಿಸುವ ಕಿಣ್ವವನ್ನೇ ತಡೆಯುತ್ತವೆ. ಜೊತೆಗೆ ತೆಗೆದುಕೊಂಡರೆ ರಕ್ತದಲ್ಲಿ ಗುಳಿಗೆಯ ಪ್ರಮಾಣ ಕೆಲವು ಪಟ್ಟು ಏರುತ್ತದೆ. ಕೊಡಲೇಬೇಕಾದರೆ ಟೆಟ್ರಾಬೆನಜೀನನ್ನು ಅರ್ಧಕ್ಕೆ ಇಳಿಸಿ ಕೊಡಬೇಕಂತೆ. ನನ್ನ ಚೀಟಿ ನೋಡಿ "ಹುಬ್ಬಳ್ಳಿ ಸಾಹೇಬ್ರನ್ನ ಒಂದ್ ಮಾತ್ ಕೇಳ್ರಿ" ಎಂದದ್ದು ಔಷಧಿ ಅಂಗಡಿಯ ಹುಡುಗ. ಆ ಹುಡುಗನ ಮದುವೆಗೆ ನಾನು ದುಡ್ಡು ತಗೊಳ್ಳದೆ ಹೊಲಿಯುತ್ತೇನೆ.

ಇನ್ನೊಂದು ನಮ್ಮ ಮೈದುನನ ಪ್ರೀತಿ. ನಿದ್ದೆಗೂ ಬಿ.ಪಿ.ಗೂ ಒಂದೇ ಮದ್ದು, ಗಿಡಮೂಲಿಕೆ, ಏನೂ ಆಗುವುದಿಲ್ಲ ಎಂದು ಸರ್ಪಗಂಧದ ಗುಳಿಗೆಯ ಡಬ್ಬಿ ತಂದುಕೊಟ್ಟ. ಹೆಸರು ಕೇಳಿ ಡಾಕ್ಟರರು ಕುರ್ಚಿಯಿಂದ ಅರ್ಧ ಎದ್ದರು. ಸರ್ಪಗಂಧದ ಬೇರಿನಲ್ಲಿ ರಿಸರ್ಪಿನ್ ಇದೆ. ಟೆಟ್ರಾಬೆನಜೀನ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ, ಇನ್ನೂ ದೀರ್ಘವಾಗಿ. ಎರಡನ್ನೂ ಕೂಡಿಸುವಂತಿಲ್ಲ. ರಿಸರ್ಪಿನ್ ಬಿಟ್ಟು ಕಡಿಮೆಯೆಂದರೂ 20 ದಿನ ಆಗದೆ ಇದನ್ನು ಶುರುಮಾಡುವಂತೆಯೇ ಇಲ್ಲ. ಡಬ್ಬಿ ಬಿಚ್ಚದೆ ಮೈದುನನಿಗೇ ವಾಪಸು ಕೊಟ್ಟೆ. ಎರಡು ವಾರ ಮಾತು ಬಿಟ್ಟಿದ್ದ.

ಮರೆತದ್ದರ ಕಥೆಯೂ ಇದೆ. ಹಾವೇರಿಗೆ ಮದುವೆಗೆ ಹೋದಾಗ ಬಾಬಿನ್ ಡಬ್ಬಿ ಮಶೀನಿನ ಮೇಲೇ ಉಳಿಯಿತು. ಎರಡು ದಿನಕ್ಕೆಂದು ಹೋದದ್ದು ಆರು ದಿನವಾಯಿತು. ಮೊದಲ ರಾತ್ರಿ ಕಳೆಯುವುದರೊಳಗೇ ಬಾಯಿ ತನ್ನ ಹಳೇ ದಂಧೆಗೆ ಇಳಿದಿತ್ತು. ಅರಿಶಿನದ ಫೋಟೋದಲ್ಲಿ ನಾನು ಮೆಲ್ಲುತ್ತಲೇ ಇದ್ದೇನೆ. ಮನೆಗೆ ಬಂದು ಮೂರೂ ಹೊತ್ತಿನದನ್ನು ಶುರುಮಾಡಬೇಕೆಂದಿದ್ದೆ, ಅಷ್ಟರಲ್ಲಿ ಫೋನ್ ಮಾಡಿದ್ದು ಒಳ್ಳೆಯದಾಯಿತು. ಒಂದು ಹೊತ್ತು ತಪ್ಪಿದರೆ ಬಿಟ್ಟು ಮುಂದಿನದನ್ನು ತಗೊಳ್ಳಬೇಕು, ಎರಡನ್ನು ಕೂಡಿಸಬಾರದು. ಐದು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಮತ್ತೆ ಬೆಳಗಿನ ಒಂದು 12.5ರಿಂದಲೇ ವಾರ ವಾರ ಹತ್ತಬೇಕು. ಬಿಚ್ಚಿದ ಹೊಲಿಗೆಯನ್ನು ಮತ್ತೆ ಮೊದಲಿನಿಂದ ಹಾಕಿದ ಹಾಗೆ.

ಡಿಮ್ಹಾನ್ಸ್‌ನಲ್ಲಿ ಸರದಿಗೆ ಕೂತಾಗ ಪಕ್ಕದ ತಾಯಿಯೊಬ್ಬರು ನನ್ನ ಕಥೆ ಕೇಳಿದರು. ಅವರ ಮಗನಿಗೂ ಇದೇ ಬಾಯಿ, ಅವನದು ಮನೋರೋಗದ ಗುಳಿಗೆಯಿಂದ ಬಂದದ್ದು. "ಹಂಗಾರ ನಾವೂ ಆ ಗುಳಿಗಿ ಬಿಡಿಸಿಬಿಡ್ತೀವ್ರಿ" ಅಂದರು. ನನ್ನ ಎದೆ ಝಲ್ ಅಂದಿತು. ನನ್ನದು ಬಿಟ್ಟರೂ ನಡೆಯುವ ಗ್ಯಾಸಿನ ಕ್ಯಾಪ್ಸೂಲು, ಅವನದು ಅವನನ್ನು ಹಿಡಿದು ನಿಲ್ಲಿಸಿರುವ ಗುಳಿಗೆ. ಅದನ್ನು ಬದಲಿಸುವುದಿದ್ದರೆ, ಇಳಿಸುವುದಿದ್ದರೆ ಬರೆದ ಡಾಕ್ಟರರೇ ಮಾಡಬೇಕು. "ಅವ್ವಾರ, ಒಳಗ ಹೋಗಿ ಇದನ್ನ ಕೇಳ್ರಿ, ನನ್ನ ಮಾತ್ ಕೇಳಿ ಏನೂ ಮಾಡಬ್ಯಾಡ್ರಿ" ಎಂದು ಕೈ ಹಿಡಿದು ಹೇಳಿದೆ. ಅವರ ಹೆಸರು ಕರೆಯುವವರೆಗೂ ಆ ಕೈ ಬಿಡಲಿಲ್ಲ.

ಈಗ ಒಂದೂವರೆ ವರ್ಷದಿಂದ 37.5ರ ಮೇಲೇ ಇದ್ದೇನೆ. ಎಣಿಕೆ ಹನ್ನೆರಡು, ಹದಿಮೂರು. ಮಗಳ ನಿಶ್ಚಯ ಆಯಿತು, ಬಾಯಿ ಆಡುತ್ತಲೇ ಇತ್ತು, ಬೀಗರು ಏನೂ ಕೇಳಲಿಲ್ಲ. ದಿನಕ್ಕೆ ಎರಡೂವರೆ ಬ್ಲೌಸ್ ಆಗುತ್ತದೆ. ಕಳೆದ ಸಲ ಡಾಕ್ಟರರು ಮತ್ತೆ ಹಲ್ಲಿನ ಸೆಟ್ ತೆಗೆಸಿ ನೋಡಿ, ಗ್ಯಾಸಿನದು ಬಿಟ್ಟು ಇಷ್ಟು ದಿನ ಆಗಿದೆ, ಕೆಲವರಲ್ಲಿ ನಿಧಾನಕ್ಕೆ ತಾನೇ ಕಡಿಮೆಯಾಗುತ್ತದೆ, ದೀಪಾವಳಿ ಆದ ಮೇಲೆ ಒಂದು ಗುಳಿಗೆ ಇಳಿಸಿ ನೋಡೋಣ ಅಂದರು. ಮಧ್ಯಾಹ್ನದ್ದನ್ನು ಬಿಡಿಸುತ್ತಾರಂತೆ. ಮಗಳು ಬಾಬಿನ್ ಡಬ್ಬಿಯ ನಡುವಿನ ಖಾನೆಗಳಲ್ಲಿ ಈಗಲೇ ಬಿಳಿ ದಾರದ ಬಾಬಿನ್ ಇಟ್ಟು ನೋಡುತ್ತಿದ್ದಾಳೆ, ನಾನು ಇನ್ನೂ ಟೈಮ್ ಐತಿ ತಗಿ ಅಂತ ಬೈಯುತ್ತಿದ್ದೇನೆ.