ಮೋಟಾರ್ ಆರಿದ ಮೇಲೂ ಪ್ರೆಸ್ ನಿಂತಿರುವುದಿಲ್ಲ: ಡೈ ಬದಲಿಸುವ ಹಾಳೆ ಬರೆಯುವ ಬಗೆ

ಪೀಣ್ಯದ ಪ್ರೆಸ್ ಶಾಪ್‌ಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೇಲ್ವಿಚಾರಕನಾಗಿದ್ದೇನೆ. ಡೈ ಎಂಬ ಅಚ್ಚಿನಿಂದ ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ಗೆ ನಾನು ಬರೆದ ಮೊದಲ ಸುರಕ್ಷತಾ ಹಾಳೆಯಲ್ಲಿ ಹೀಗಿತ್ತು: 'ಯಂತ್ರ ನಿಲ್ಲಿಸಿ, ಎಚ್ಚರಿಕೆಯಿಂದ ಡೈ ಬದಲಿಸಿ.' ನಮ್ಮ ಡೈ ಸೆಟ್ಟರ್ ಹಾಗೆಯೇ ಮಾಡಿದ. ಮೋಟಾರ್ ಆರಿಸಿ ಕೈ ಹಾಕಿದ. ಪ್ರೆಸ್ಸಿಗೆ ಬಲ ಕೊಡುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಇನ್ನೂ ತಿರುಗುತ್ತಿತ್ತು. ಬಗ್ಗಿದಾಗ ಕಾಲು ಪೆಡಲಿಗೆ ತಗುಲಿತು, ಆ ಚಕ್ರವನ್ನು ಜೋಡಿಸುವ ಕ್ಲಚ್ ಕಚ್ಚಿತು, ಮೇಲಿನಿಂದ ಒತ್ತುವ ಭಾರದ ಭಾಗವಾದ ರ್‍ಯಾಮ್ ಇಳಿಯಿತು. ಎರಡು ಬೆರಳು ಹೋದವು. ನಾನು ಬರೆದ ಸಾಲನ್ನು ಅವನು ಮೀರಿರಲೇ ಇಲ್ಲ.

ಅಂದಿನಿಂದ ಹಾಳೆಯನ್ನು ಪ್ರೆಸ್ ಪಕ್ಕದಲ್ಲೇ ನಿಂತು ಬರೆಯುತ್ತೇನೆ. ಡೈ ಬದಲಿಸುವವನ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿ. ಕೈ ಒಳಗೆ ಹೋಗುವ ಪ್ರತಿ ಜಾಗದಲ್ಲೂ ಅವನನ್ನೇ ಕೇಳಿ: ಈಗ ಇಲ್ಲಿ ಏನು ಚಲಿಸಬಹುದು? ಕರೆಂಟ್, ಫ್ಲೈವೀಲಿನ ವೇಗ, ರ್‍ಯಾಮಿನ ಭಾರ, ಕೆಲವು ಪ್ರೆಸ್‌ಗಳಲ್ಲಿ ಗಾಳಿಯ ಒತ್ತಡ. ಪ್ರತಿಯೊಂದಕ್ಕೂ ಬೇರೆ ಸಾಲು ಬೇಕು.

'ಎಚ್ಚರಿಕೆಯಿಂದ' ಎಂಬ ಪದವನ್ನು ಹೊಡೆದುಹಾಕಿ. ಅದನ್ನು ಓದಿದವನ ಕೈ ಏನು ಮಾಡಬೇಕು? ನಮ್ಮ ಹಾಳೆಯಲ್ಲಿ ಈಗ ಹೀಗಿದೆ: ಮೇನ್ ಸ್ವಿಚ್ ಇಳಿಸಿ. ನಿಮ್ಮ ಬೀಗ ಹಾಕಿ, ಕೀಲಿಕೈ ನಿಮ್ಮ ಜೇಬಿನಲ್ಲಿರಲಿ. ಇಬ್ಬರಿದ್ದರೆ ಎರಡು ಬೀಗ. ಸ್ಟಾರ್ಟ್ ಬಟನ್ ಒತ್ತಿ ನೋಡಿ, ಮೋಟಾರ್ ಏಳಬಾರದು. ಫ್ಲೈವೀಲಿನ ಬಿಳಿ ಗೆರೆ ನಿಲ್ಲುವವರೆಗೆ ಕಾಯಿರಿ. ರ್‍ಯಾಮಿನ ಕೆಳಗೆ ಅದು ಇಳಿಯದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಡಿ. ಆಮೇಲೆ ಕೈ ಹಾಕಿ.

ಆ ಬಿಳಿ ಗೆರೆಯನ್ನು ನಾನೇ ಪೇಂಟಿನಲ್ಲಿ ಎಳೆದೆ. ವೇಗದಲ್ಲಿರುವಾಗ ಅದು ಮಸುಕು ಬಳೆಯಂತೆ ಕಾಣುತ್ತದೆ, ನಿಧಾನವಾದಾಗ ಗೆರೆಯಾಗುತ್ತದೆ. 'ಎರಡು ನಿಮಿಷ ಕಾಯಿರಿ' ಎಂದು ಬರೆಯಬೇಡಿ. ಬೆಲ್ಟ್, ಬೇರಿಂಗ್ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಕಣ್ಣಿಗೆ ಕಾಣುವ ಗುರುತನ್ನು ನಂಬಿ.

ಬರೆದಾದ ಮೇಲೆ ಹೊಸ ಹೆಲ್ಪರ್‌ನನ್ನು ಕರೆದು, ಬೀಗ ಹಾಕಿದ ಪ್ರೆಸ್ ಮುಂದೆ ಒಂದೊಂದೇ ಸಾಲು ಓದಿ, ಅವನಿಂದ ಮಾಡಿಸಿ. ಅವನು ತಡೆದು ನಿಂತ ಕಡೆ ತಪ್ಪು ನಿಮ್ಮ ಸಾಲಿನದು. ಬಿಹಾರ, ಒಡಿಶಾದ ಹುಡುಗರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗಾಗಿ ಹಿಂದಿಯಲ್ಲೂ ಬರೆಸಿ, ನಮ್ಮದೇ ಯಂತ್ರದ ಫೋಟೊ ಅಂಟಿಸಿದ್ದೇನೆ.

ಮತ್ತೆ ಚಾಲೂ ಮಾಡುವ ಹೆಜ್ಜೆಗಳನ್ನು ಮರೆಯಬೇಡಿ. ಡೈ ಕೂಡಿಸುವಾಗ ಫ್ಲೈವೀಲನ್ನು ಕೈಯಿಂದ ತಿರುಗಿಸಲು ಸಿಕ್ಕಿಸಿದ ಸರಳು ಹೊರಗೆ ಬಂದಿದೆಯೇ, ಬ್ಲಾಕ್ ತೆಗೆದಿದೆಯೇ, ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಕೂಡಿಸಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಬೀಗ ತೆಗೆಯಬೇಕು. ಹಾಳೆಯ ಕೆಳಗೆ ನನ್ನ ಸಹಿಗಿಂತ ಮೊದಲು ಡೈ ಸೆಟ್ಟರ್‌ನ ಸಹಿ ಇರುತ್ತದೆ.