ಫ್ಯೂಯೆಲ್ ಪಂಪ್ ಬದಲಿಸುವ ಮೊದಲು ವೈರಿಂಗ್ ನೋಡಿ

ಹಳೆಯ ಕಾರಿಗೆ ಪೆಟ್ರೋಲ್ ಬರುತ್ತಿಲ್ಲ ಎಂದು ಗೊತ್ತಾದ ಕೂಡಲೇ ಹೊಸ ಪಂಪ್ ತಂದು ಹಾಕಿಸುವವರೇ ಜಾಸ್ತಿ. ಸ್ವಲ್ಪ ದಿನಕ್ಕೆ ಅದೇ ಕಾಯಿಲೆ ವಾಪಸ್. ಎಷ್ಟೋ ಸಲ ಹಳೆ ಪಂಪ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಕರೆಂಟ್ ಸರಿಯಾಗಿ ತಲುಪುತ್ತಿರುವುದಿಲ್ಲ ಅಷ್ಟೇ. ನಾನು ಹೇಳುತ್ತಿರುವುದು ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಮಾರುತಿ 800, ಝೆನ್, ಹಳೆ ಸ್ಯಾಂಟ್ರೊ ಥರದ ಕಾರುಗಳ ಬಗ್ಗೆ. ಕಾರ್ಬುರೇಟರ್ ಇರುವ 800ರಲ್ಲಿ ಎಂಜಿನ್ನೇ ಪಂಪ್ ನಡೆಸುತ್ತದೆ, ಅದಕ್ಕೆ ಕರೆಂಟೇ ಬೇಡ.

ಮೊದಲು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಕಡೆಯಿಂದ ಸುಮಾರು 2 ಸೆಕೆಂಡ್ ಗುಂಯ್ ಎಂಬ ಸದ್ದು ಬರಬೇಕು. ಬರಲಿಲ್ಲವೇ, ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ದೊಡ್ಡ ಫ್ಯೂಸ್ ಬೇಡ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವಂತೂ ಬೇಡವೇ ಬೇಡ, ಆ ವೈರ್ ಹೋಗುವುದು ಪೆಟ್ರೋಲ್ ಟ್ಯಾಂಕಿಗೆ. ಆಮೇಲೆ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು. ಅದೇ ನಂಬರಿನ ಇನ್ನೊಂದು ಹಾಕಿ ನೋಡಿ. ಗ್ಯಾಸ್ ಕಿಟ್ ಅಥವಾ ಹೊರಗಿನ ಅಲಾರಂ ಹಾಕಿಸಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಪಂಪಿನ ವೈರ್ ಕತ್ತರಿಸಿ, ತಿರುಚಿ, ಟೇಪ್ ಸುತ್ತಿ ಬಿಟ್ಟಿರುವುದು ಸಾಮಾನ್ಯ.

ಎಲ್ಲರೂ ಎಡವುವುದು ಇದರ ನಂತರ. ಪಂಪಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಡುತ್ತಾರೆ. 12 ವೋಲ್ಟ್ ಕಾಣಿಸುತ್ತದೆ. 'ವೈರಿಂಗ್ ಸರಿ ಇದೆ, ಪಂಪ್ ಹೋಗಿದೆ' ಎಂದುಬಿಡುತ್ತಾರೆ. ಆದರೆ ಬಿಚ್ಚಿದ ಕನೆಕ್ಟರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಹರಿಯದಿದ್ದಾಗ ಕಿಲುಬು ಹಿಡಿದ ಜಾಯಿಂಟಿನಲ್ಲೂ ವೋಲ್ಟೇಜ್ ಇಳಿಯುವುದಿಲ್ಲ. ಪಂಪ್ 5 ಆಂಪಿಯರ್ ಎಳೆಯುವಾಗ ಅರ್ಥ್ ಜಾಯಿಂಟಿನಲ್ಲಿ (ಮೈನಸ್ ವೈರ್ ಕಾರಿನ ಬಾಡಿಗೆ ಸೇರುವ ಜಾಗ) ಬರೀ ಅರ್ಧ ಓಮ್ ತಡೆ ಇದ್ದರೆ ಎರಡೂವರೆ ವೋಲ್ಟ್ ಅಲ್ಲೇ ಮಾಯ.

ಹಾಗಾಗಿ ಕನೆಕ್ಟರ್ ಹಾಕಿಯೇ ಇರಲಿ, ಪಂಪ್ ಓಡುತ್ತಲೇ ಇರಲಿ. 2 ಸೆಕೆಂಡ್ ಸಾಲದು, ಅದಕ್ಕೇ ರಿಲೇ ತೆಗೆದು ಸಾಕೆಟ್ಟಿನ 30 ಮತ್ತು 87 ಪಿನ್‌ಗಳನ್ನು ಫ್ಯೂಸ್ ಇರುವ ಒಂದು ವೈರಿನಿಂದ ಸೇರಿಸಿ. ನಂಬರ್ ಕಾಣಿಸದಿದ್ದರೆ ವೈರಿಂಗ್ ಡಯಾಗ್ರಾಂ ಹುಡುಕಿ, ಊಹೆಯ ಮೇಲೆ ಸೇರಿಸಬೇಡಿ, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟೀತು. ಕೆಲಸ ಬಯಲಿನಲ್ಲಿ ಮಾಡಿ. ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಮೀಟರ್ 20 ಡಿಸಿ ವೋಲ್ಟಿನಲ್ಲಿರಲಿ. ಕೆಂಪು ತುದಿ ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ತುದಿ ಪಂಪ್ ಕನೆಕ್ಟರಿನ ಪ್ಲಸ್ ವೈರಿಗೆ. ತೆಳು ಪಿನ್ನನ್ನು ಕನೆಕ್ಟರಿನ ಹಿಂಬದಿಯಿಂದ ತೂರಿಸಿ, ವೈರ್ ಚುಚ್ಚಬೇಡಿ, ಮಳೆಗಾಲದಲ್ಲಿ ಅದೇ ತೂತಿನಿಂದ ನೀರು ಹೋಗುತ್ತದೆ. ಟ್ಯಾಂಕಿನಿಂದ ಬ್ಯಾಟರಿವರೆಗೆ ಮೀಟರಿನ ವೈರ್ ಎಟಕುವುದಿಲ್ಲ, ಎರಡೂ ತುದಿಗೆ ಕ್ಲಿಪ್ ಹಾಕಿದ ಉದ್ದದ ವೈರ್ ಒಂದು ಮಾಡಿಟ್ಟುಕೊಳ್ಳಿ. ಮೀಟರ್ ಈಗ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿಗಿಂತ ಕಡಿಮೆ ಇದ್ದರೆ ಸರಿ. ಆಮೇಲೆ ಪಂಪಿನ ಮೈನಸ್ ವೈರಿನಿಂದ ಬ್ಯಾಟರಿಯ ಮೈನಸ್‌ಗೂ ಹೀಗೇ ಅಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಹಳೆ ಕಾರಿನಲ್ಲಿ ತೊಂದರೆ ಇರುವುದು ಬಹಳ ಸಲ ಇಲ್ಲೇ!

ಪ್ಲಸ್ ಕಡೆ ಜಾಸ್ತಿ ಬಂದರೆ ಕಪ್ಪು ತುದಿಯನ್ನು ಪಂಪಿನಿಂದ ರಿಲೇ ಸಾಕೆಟ್ಟಿಗೆ, ಅಲ್ಲಿಂದ ಫ್ಯೂಸಿಗೆ ಹಿಂದೆ ಹಿಂದೆ ತನ್ನಿ. ಎಲ್ಲಿ ಅಂಕಿ ಥಟ್ಟನೆ ಇಳಿಯಿತೋ ಅದಕ್ಕೆ ಸ್ವಲ್ಪ ಮುಂಚೆ ಅಳೆದ ಜಾಗಕ್ಕೂ ಇದಕ್ಕೂ ನಡುವೆಯೇ ದೋಷ ಇದೆ. ಇಷ್ಟು ಹೊತ್ತು ರಿಲೇ ಹೊರಗಿತ್ತು ಅಲ್ವಾ, ಅದನ್ನು ವಾಪಸ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ ಇನ್ನೊಮ್ಮೆ ಅಳೆಯಿರಿ. ರಿಲೇ ಒಳಗಿನ ಸುಟ್ಟ ಪಾಯಿಂಟ್ ಸಿಗುವುದು ಆಗಲೇ.

ಅರ್ಥ್ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ. ಕಂದು ಬಣ್ಣಕ್ಕೆ ತಿರುಗಿದ ಕನೆಕ್ಟರ್ ಬದಲಿಸಲೇಬೇಕು. ವೈರ್ ಕತ್ತರಿಸದೆ ಒತ್ತಿ ಸೇರಿಸುವ ಅಗ್ಗದ ಕ್ಲಿಪ್ ಬೇಡ, ಸರಿಯಾಗಿ ಕ್ರಿಂಪ್ (ಲೋಹದ ಟರ್ಮಿನಲ್ಲಿಗೆ ವೈರನ್ನು ಇಕ್ಕಳದಿಂದ ಒತ್ತಿ ಬಿಗಿಯುವುದು) ಮಾಡಿಸಿ.

ಎರಡೂ ಕಡೆ ಸರಿ ಇದ್ದು, ಪಂಪಿಗೆ ಪೂರ್ತಿ ವೋಲ್ಟೇಜ್ ಸಿಕ್ಕೂ ಅದು ತಿರುಗದಿದ್ದರೆ ಮಾತ್ರ ಹೊಸದು ತನ್ನಿ. ಪಂಪನ್ನು ತಂಪಾಗಿಡುವುದು ಟ್ಯಾಂಕಿನ ಪೆಟ್ರೋಲೇ. ಗ್ಯಾಸಿನಲ್ಲಿ ಓಡಿಸುವವರೂ ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟುಕೊಳ್ಳಿ.