ಕಾರ್ನರ್‌ನಲ್ಲಿ ನಿಂತೇ ಐದಾರು ಸೀಸನ್ ಆಡಿದೆ

ಯುರೋಪಿನ ಬಾಸ್ಕೆಟ್‌ಬಾಲ್ ಕ್ಲಬ್‌ಗಳಿಗೆ ಆಡಿದವರಿಗೆ ಗೊತ್ತು, ಇಂಪೋರ್ಟ್ ಆಟಗಾರ ಅಂದರೆ ಪಂದ್ಯಕ್ಕೆ ಇಪ್ಪತ್ತು ಪಾಯಿಂಟ್ ತರಬೇಕು. ಒಂದು ತಂಡಕ್ಕೆ ಬೆರಳೆಣಿಕೆಯಷ್ಟೇ ವಿದೇಶಿಯರು. ಆ ಜಾಗದಲ್ಲಿ ಸುಮ್ನೆ ನಿಲ್ಲುವವನು ಯಾರಿಗೂ ಬೇಡ. ಮಂಡಿ ಆಪರೇಷನ್ ಆದಮೇಲೆ, "ಇನ್ನು ಡ್ರೈವ್ ಮಾಡಲ್ಲ, ಕಾರ್ನರ್‌ನಿಂದ ತ್ರೀ ಹೊಡೀತೀನಿ" ಅಂದೆ. ಅಂದರೆ ಬುಟ್ಟಿಯತ್ತ ನುಗ್ಗುವುದು ಬಿಟ್ಟು, ಅಂಗಳದ ಮೂಲೆಯಲ್ಲಿ ನಿಂತು ಮೂರು ಪಾಯಿಂಟಿನ ಶಾಟ್ ಹೊಡೆಯುವುದು. ಏಜೆಂಟ್ ನಕ್ಕುಬಿಟ್ಟ. "ಅದಕ್ಕೆ ಅವರ ಹುಡುಗರೇ ಇದ್ದಾರೆ. ನಿನಗ್ಯಾಕೆ ಯೂರೋ ಕೊಡ್ತಾರೆ?"

ನನ್ನ ಲೆಕ್ಕ ಇಷ್ಟೇ. 2010ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾ ತ್ರೀ ಗೆರೆಯನ್ನು ಬುಟ್ಟಿಯಿಂದ 6.25 ಮೀಟರ್ ಇದ್ದದ್ದು 6.75ಕ್ಕೆ ತಳ್ಳಿತು. ಕಾರ್ನರ್‌ನಲ್ಲಿ ಮಾತ್ರ 6.60. ಆ ಹದಿನೈದು ಸೆಂಟಿಮೀಟರ್ ನನಗೆ ಅನ್ನ ಹಾಕಿತು. ಆದರೆ ಅಲ್ಲಿ ಗೆರೆಗೂ ಸೈಡ್‌ಲೈನ್‌ಗೂ ನಡುವೆ ಇರುವುದು 90 ಸೆಂಟಿಮೀಟರ್. ನನ್ನ ಶೂ 48ರ ಸೈಜು, ಒಂದೊಂದೂ ಮೂವತ್ತರ ಮೇಲೆ. ಮುಂದೆ ತುಳಿದರೆ ಎರಡೇ ಪಾಯಿಂಟ್. ಹಿಂದೆ ತುಳಿದರೆ ಚೆಂಡೇ ಎದುರಾಳಿಗೆ.

ಮೊದಲ ಸೀಸನ್ ಪೂರ್ತಿ ಹಾಳು. ಹಳೇ ಅಭ್ಯಾಸದಂತೆ ಒಂದು-ಎರಡು ಅಂತ ಹೆಜ್ಜೆ ಇಟ್ಟು ಚೆಂಡು ಹಿಡಿದರೆ ಹಿಮ್ಮಡಿ ಸೈಡ್‌ಲೈನ್ ಮುಟ್ಟುತ್ತಿತ್ತು. ಜನವರಿಯಲ್ಲಿ ಕ್ಲಬ್ ಕೈಬಿಟ್ಟಿತು. ಆಮೇಲೆ ಎರಡನೇ ಡಿವಿಷನ್‌ನಲ್ಲಿ ಅರ್ಧ ಸಂಬಳಕ್ಕೆ, ತಿಂಗಳಿಗೆ ಎರಡೂವರೆ ಸಾವಿರ ಯೂರೋ ಇರಬೇಕು, ಜೊತೆಗೆ ಮನೆ, ಒಂದು ಡಕೋಟಾ ಕಾರು. ಅಲ್ಲಿ ಹೆಜ್ಜೆ ಬಿಟ್ಟು ಹಾಪ್ ಹಿಡಿದೆ. ಪಾಸ್ ಗಾಳಿಯಲ್ಲಿರುವಾಗಲೇ ಸಣ್ಣಗೆ ನೆಗೆದು, ಚೆಂಡು ಹಿಡಿದು, ಎರಡೂ ಕಾಲು ಒಟ್ಟಿಗೆ ಇಳಿಸುವುದು. ದಿನಕ್ಕೆ ಮುನ್ನೂರು ಶಾಟ್, ಜಾಸ್ತಿ ಹೊಡೆದರೆ ಮಂಡಿ ಊದುತ್ತಿತ್ತು. ಗೆರೆ ನೋಡದೆ ಜಾಗ ಹೇಗೆ ಅಳೆಯುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಈಗ ಅದನ್ನೇ ಕಲಿಸಿ ದುಡ್ಡು ಮಾಡುತ್ತಿದ್ದೇನೆ.

ನಡುವೆ ಭಾರದ ಚೆಂಡಿನಲ್ಲೂ ಒಂದು ತಿಂಗಳು ಹೊಡೆದು ನೋಡಿದೆ. ಭುಜ ನೋವು ಬಂತು, ಶಾಟ್‌ನ ಕಮಾನು ಚಪ್ಪಟೆಯಾಯಿತು. ದಂಡ. ಕೆಲಸಕ್ಕೆ ಬಂದದ್ದು ಇನ್ನೊಂದು. ಲೀಗ್ ಬದಲಾದರೆ ಚೆಂಡೂ ಬದಲಾಗಬಹುದು. ಮೋಲ್ಟನ್‌ನ ಹನ್ನೆರಡು ಪಟ್ಟಿಯ ಚೆಂಡಿಗೆ ಒಗ್ಗಿದ ಬೆರಳು ಎಂಟು ಪಟ್ಟಿಯದನ್ನು ಹಿಡಿದರೆ ತಬ್ಬಿಬ್ಬಾಗುತ್ತದೆ. ಹಾಗಾಗಿ ಕಾಂಟ್ರಾಕ್ಟ್ ಮಾತು ಶುರುವಾದ ಕೂಡಲೇ ಆ ಲೀಗ್‌ನ ಚೆಂಡು ಯಾವುದು ಅಂತ ಕೇಳಿ, ಅರವತ್ತು ಎಪ್ಪತ್ತು ಯೂರೋ ಕೊಟ್ಟು ನಾನೇ ಕೊಳ್ಳುತ್ತಿದ್ದೆ.

ಒಂದು ಕ್ಲಬ್ ಮೂರು ತಿಂಗಳ ಸಂಬಳ ಕೊಡಲೇ ಇಲ್ಲ. ಕಾಂಟ್ರಾಕ್ಟ್‌ನಲ್ಲಿ ಬ್ಯಾಟ್ ಷರತ್ತು ಇತ್ತು, ಅಂದರೆ ಜಿನೀವಾದ ಬಾಸ್ಕೆಟ್‌ಬಾಲ್ ಮಧ್ಯಸ್ಥಿಕೆ ಮಂಡಳಿ. ಶುಲ್ಕ ಮೊದಲು ನಮ್ಮ ಜೇಬಿನಿಂದಲೇ ಹೋಗುತ್ತದೆ, ಅದಕ್ಕೆ ಹೆದರಿ ಎಷ್ಟೋ ಹುಡುಗರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ತೀರ್ಪು ಬಂದಮೇಲೂ ಕೊಡದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ತಡೆಯಬಹುದು. ನನಗೆ ಬಹುಪಾಲು ಹಣ ಬಂತು. ಏಜೆಂಟ್‌ಗೂ ಅವನ ಹತ್ತು ಪರ್ಸೆಂಟ್ ಬಾಕಿ ಇತ್ತು, ಆದ್ದರಿಂದ ನನಗಿಂತ ಅವನೇ ಜೋರಾಗಿ ಓಡಾಡಿದ.

ಕೊನೆಗೆ ನನ್ನ ತ್ರೀ ನೂರಕ್ಕೆ ನಲವತ್ನಾಲ್ಕರ ಆಸುಪಾಸಿಗೆ ಬಂತು. ಪಾಯಿಂಟ್ ಸರಾಸರಿ ಒಂಬತ್ತೋ ಹತ್ತೋ, ಅಷ್ಟೇ. ಆದರೆ ನನ್ನನ್ನು ಕಾಯುವ ಎದುರಾಳಿ ತನ್ನವರ ಹೆಲ್ಪ್‌ಗೆ ಅಂತ ನನ್ನನ್ನು ಒಂದು ಹೆಜ್ಜೆಯೂ ಬಿಡುವಂತಿರಲಿಲ್ಲ. ಪೇಂಟ್, ಅಂದರೆ ಬುಟ್ಟಿಯ ಮುಂದಿನ ಜಾಗ, ಖಾಲಿ. ಚೆಂಡು ನಡೆಸುವ ನಮ್ಮ ಪಾಯಿಂಟ್ ಗಾರ್ಡ್‌ಗೆ ಬುಟ್ಟಿಯ ಹತ್ತಿರದಿಂದ ಹಾಕುವ ಸುಲಭ ಲೇಅಪ್‌ಗಳ ಸುಗ್ಗಿ. ಕಾಂಟ್ರಾಕ್ಟ್ ನವೀಕರಿಸಿ ಅಂತ ಆಡಳಿತದವರ ಹತ್ತಿರ ಮೊದಲು ಹೋಗಿ ಹೇಳಿದವನೂ ಅವನೇ.